ಕೃಷ್ಣೆಗೆ ಬಾರದ ಟ್ರೌಟ್, ಕಾವೇರಿಗೆ ಹೋದ ಮಶೀರ್

ಗಾಳ ಹಾಕುವ ವಿದ್ಯೆಯ ಬಗ್ಗೆ ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಬರಹ 1496ರದು. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿನಲ್ಲಿ ಅದು ಪ್ರಸಿದ್ಧ. ಅದಕ್ಕೂ ಮುನ್ನೂರ ಅರವತ್ತು ವರ್ಷ ಮೊದಲೇ, 1131ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮೀನು ಹಿಡಿಯುವುದಕ್ಕೆಂದೇ ಒಂದು ಅಧ್ಯಾಯ ಬರೆದಿಟ್ಟ. ರಾಜ್ಯಭಾರ, ಅಡುಗೆ, ಸಂಗೀತ, ಆನೆ, ಕುದುರೆ ಎಂದು ಅರಸನಾದವನಿಗೆ ಗೊತ್ತಿರಬೇಕಾದ ನೂರು ಸಂಗತಿಗಳನ್ನು ಹೇಳುವ ಆ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೂ ಒಂದು. ಇಂದಿನ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆ, ಅದರ ನಡುವೆ ಹರಿಯುವ ಕೃಷ್ಣೆ, ಎಲ್ಲವೂ ಆಗ ಚಾಲುಕ್ಯರ ರಾಜ್ಯದೊಳಗೇ ಇದ್ದವು.

ಸೋಮೇಶ್ವರ ಮೀನುಗಳನ್ನು ಕಡಲಿನವು, ಹೊಳೆಯವು ಎಂದು ವಿಂಗಡಿಸುತ್ತಾನೆ. ಹುರುಪೆ ಇರುವವು, ಇಲ್ಲದವು ಎಂದು ಮತ್ತೆ ಬೇರ್ಪಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು ಹಾಕಿ ಒಂದೆಡೆ ಬರುವ ರೂಢಿ ಹಿಡಿಸಬೇಕು, ದಾರಕ್ಕೆ ಎಂಥ ನಾರು ಬೇಕು, ಗಾಳದ ಕೋಲು ಹೇಗಿರಬೇಕು ಎಂಬುದನ್ನೆಲ್ಲ ಹೇಳುತ್ತಾನೆ. 1951ರಲ್ಲಿ ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ ಈ ಅಧ್ಯಾಯದ ಮೇಲೆ ದೀರ್ಘ ಲೇಖನ ಬರೆದರು. ಆಗ ಅವರು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮುಖ್ಯಸ್ಥರು. ಎಂಟು ಶತಮಾನ ಹಳೆಯ ಆ ಸಾಲುಗಳಲ್ಲಿ ಮೀನುಗಳ ಬದುಕನ್ನು ಕಣ್ಣಾರೆ ಕಂಡವರ ತಿಳಿವಳಿಕೆ ಇದೆ ಎಂಬುದನ್ನು ಆ ಲೇಖನ ತೋರಿಸಿಕೊಟ್ಟಿತು.

ಸೋಮೇಶ್ವರನ ವಿದ್ಯೆಯೆಲ್ಲ ನಿಂತಿರುವುದು ಹಸಿವಿನ ಮೇಲೆ. ಮೀನಿಗೆ ನಿಜವಾದ ತಿಂಡಿ ಕೊಟ್ಟು, ಅದರೊಳಗೆ ಗಾಳ ಅಡಗಿಸುವುದು. ಯುರೋಪಿನಲ್ಲಿ ಬೆಳೆದ ಇನ್ನೊಂದು ದಾರಿಯಲ್ಲಿ ತಿಂಡಿಯೇ ಇಲ್ಲ. ಒಂದು ಗಾಳ, ಒಂದಿಷ್ಟು ನೂಲು, ಒಂದು ಗರಿ, ಇಷ್ಟರಲ್ಲೇ ಹುಳುವಿನ ಸೋಗು ಹಾಕಿ ಮೀನನ್ನು ನಂಬಿಸಬೇಕು. ‘ಫ್ಲೈ’ ಎಂದರೆ ಇದೇ. ಈಗ ಎರಡು ಸಾವಿರ ವರ್ಷಗಳ ಸಮೀಪಕ್ಕೆ ಬಂದಿರುವ ಈ ಕಲೆಯ ಹಳೆಯ ದಾಖಲೆ ರೋಮನ್ ಲೇಖಕ ಈಲಿಯನ್‌ನದು. ಮ್ಯಾಸಿಡೋನಿಯಾದ ಒಂದು ಹೊಳೆಯ ದಂಡೆಯಲ್ಲಿ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ, ಚುಕ್ಕೆಯ ಮೀನು ಹಿಡಿಯುತ್ತಾರೆಂದು ಅವನು ಬರೆದಿದ್ದಾನೆ. ಆ ಚುಕ್ಕೆಯ ಮೀನು ಟ್ರೌಟ್ ಎಂದೇ ಎಲ್ಲರ ಅಂದಾಜು. 1496ರ ಇಂಗ್ಲಿಷ್ ಬರಹದಲ್ಲಿ ಇಂಥ ಹನ್ನೆರಡು ಫ್ಲೈಗಳ ವಿವರ ಬರುತ್ತದೆ.

ಫ್ಲೈಗಳಲ್ಲಿ ಎರಡು ಪಂಗಡ. ನೀರಿನ ಮೇಲೆ ತೇಲುವುದು ಡ್ರೈ ಫ್ಲೈ, ನೀರೊಳಗೆ ಮುಳುಗಿ ಸಾಗುವುದು ವೆಟ್ ಫ್ಲೈ. ಹಳೆಯದು ವೆಟ್ ಫ್ಲೈಯೇ. ಹೊಳೆಯ ತಳದ ಕಲ್ಲುಗಳ ಸಂದಿಯಲ್ಲಿ ಮರಿಯಾಗಿ ಬೆಳೆದ ಹುಳು ರೆಕ್ಕೆ ಬರುವ ಹೊತ್ತಿಗೆ ಮೇಲಕ್ಕೆ ಏರುತ್ತದೆ. ಮೇಲೆ ತಲುಪಿ ಹಾರುವ ತನಕ ಅದಕ್ಕೆ ಯಾವ ರಕ್ಷಣೆಯೂ ಇಲ್ಲ. ಮೀನಿಗೆ ಅದೇ ಸುಗ್ಗಿ. ವೆಟ್ ಫ್ಲೈ ಕಟ್ಟುವವನು ನಟಿಸಬೇಕಾದದ್ದು ಈ ಕೆಲವು ಕ್ಷಣಗಳ ಅಸಹಾಯಕ ಹುಳುವನ್ನು. ಹಾಗಾಗಿ ಅವನಿಗೆ ಬಿರುಸಾದ ಹುಂಜದ ಗರಿಗಿಂತ ಹೇಂಟೆಯ ಮೆದು ಗರಿ ಒಳ್ಳೆಯದು. ನೀರು ಸೋಕಿದೊಡನೆ ಅದರ ಎಳೆಗಳು ಕಾಲು ಬಡಿದ ಹಾಗೆ ಅಲ್ಲಾಡುತ್ತವೆ.

ಕಟ್ಟುವ ಕ್ರಮ ನೋಡಲು ಸರಳ. ಬೆರಳುಗುರಿಗಿಂತ ಚಿಕ್ಕ ಗಾಳವನ್ನು ಪುಟ್ಟ ಹಿಡಿಕೆಯಲ್ಲಿ ಬಿಗಿದು, ಮೇಣ ಹಚ್ಚಿದ ರೇಷ್ಮೆ ನೂಲನ್ನು ಗಾಳದ ಕಣ್ಣಿನಿಂದ ಬಾಗಿನವರೆಗೆ ಒತ್ತಾಗಿ ಸುತ್ತುತ್ತಾರೆ, ಮತ್ತೆ ಹಿಂದಕ್ಕೆ ತರುತ್ತಾರೆ. ಅದೇ ಹುಳುವಿನ ಮೈ. ಕಣ್ಣಿನ ಹತ್ತಿರ ಒಂದು ಗರಿಯ ತುದಿ ಕಟ್ಟಿ, ಎರಡು ಸುತ್ತು ಸುತ್ತಿ, ಗಂಟು ಹಾಕಿ ನೂಲು ಕತ್ತರಿಸುತ್ತಾರೆ. ಇಂಗ್ಲೆಂಡಿನ ಉತ್ತರದ ಹೊಳೆಗಳಲ್ಲಿ ಹುಟ್ಟಿದ ‘ಪಾರ್ಟ್ರಿಜ್ ಅಂಡ್ ಆರೆಂಜ್’ ಎಂಬ ಫ್ಲೈಗೆ ಬೇಕಾದದ್ದು ಇಷ್ಟೇ: ಕಿತ್ತಳೆ ಬಣ್ಣದ ರೇಷ್ಮೆ, ಕಂದು ಚುಕ್ಕೆಯ ಒಂದು ಗರಿ. ಹಳೆಯ ಕಾಲದವರು ನೂಲಿಗೆ ಹಚ್ಚುತ್ತಿದ್ದದ್ದು ಜೋಡು ಹೊಲಿಯುವವರ ಮೇಣ. ಕಲಿಯುವವರು ಮೊದಲು ಎಡವುವುದು ಗರಿಯಲ್ಲೇ. ಎರಡು ಸುತ್ತು ಸಾಕಾದಲ್ಲಿ ಐದು ಸುತ್ತು ಹಾಕುತ್ತಾರೆ. ಫ್ಲೈ ದಪ್ಪಗಾಗಿ ಕೈಯಲ್ಲಿ ಚೆಂದ ಕಾಣುತ್ತದೆ, ನೀರಿನಲ್ಲಿ ಮಾತ್ರ ಪೊರಕೆಯ ತುಂಡಿನ ಹಾಗೆ ಜಡವಾಗಿ ತೇಲುತ್ತದೆ.

ಈ ಸರಳತೆಯನ್ನು ಶಾಸ್ತ್ರವಾಗಿ ಮಾಡಿದವನು ಸ್ಕಾಟ್ಲೆಂಡಿನ ಡಬ್ಲ್ಯು.ಸಿ. ಸ್ಟೀವರ್ಟ್. 1857ರ ‘ದಿ ಪ್ರ್ಯಾಕ್ಟಿಕಲ್ ಆ್ಯಂಗ್ಲರ್’ ಪುಸ್ತಕದಲ್ಲಿ ಅವನು ನೂರಾರು ಫ್ಲೈಗಳ ಗೊಂದಲ ಬಿಟ್ಟು, ಜೇಡದಂತೆ ಕಾಣುವ ಮೂರೇ ಮೆದು ಗರಿಯ ಫ್ಲೈಗಳಿಗೆ ಒತ್ತು ಕೊಟ್ಟ. ಟಿ.ಇ. ಪ್ರಿಟ್ 1885ರಲ್ಲಿ ಯಾರ್ಕ್‌ಶೈರ್ ಹೊಳೆಗಳ ಫ್ಲೈಗಳನ್ನು ಚಿತ್ರಸಹಿತ ದಾಖಲಿಸಿದ. ಮರುವರ್ಷವೇ ಹಾಲ್ಫೋರ್ಡ್ ತೇಲುವ ಫ್ಲೈಗಳ ಪುಸ್ತಕ ತಂದು ಡ್ರೈ ಫ್ಲೈಯನ್ನು ಬಹುತೇಕ ಮತವನ್ನಾಗಿಸಿದ. ಸ್ಕ್ಯೂಸ್ 1910ರಲ್ಲಿ ದಕ್ಷಿಣ ಇಂಗ್ಲೆಂಡಿನ ತಿಳಿನೀರಿನಲ್ಲಿ ಮುಳುಗುವ ಫ್ಲೈಯ ಪರ ವಾದಕ್ಕಿಳಿದ. ಅಮೆರಿಕದ ಜೇಮ್ಸ್ ಲೈಸೆನ್‌ರಿಂಗ್ 1941ರಲ್ಲಿ ವೆಟ್ ಫ್ಲೈ ಕಟ್ಟುವ ಕಲೆಯ ಬಗ್ಗೆಯೇ ಪುಸ್ತಕ ಬರೆದ. ಹರಿವಿನೊಡನೆ ಸಾಗಿದ ಫ್ಲೈ ಮೀನಿನ ಮುಂದೆ ಬಂದಾಗ ಮೆಲ್ಲನೆ ಮೇಲೆತ್ತುವ ಅವನ ವರಸೆ ಈಗಲೂ ಅವನ ಹೆಸರಿನಲ್ಲೇ ಚಾಲ್ತಿಯಲ್ಲಿದೆ.

ಇಷ್ಟೆಲ್ಲ ದೂರದ ಕತೆ ಎನಿಸಬಹುದು. ಆದರೆ ವಿಕ್ಟೋರಿಯಾ ಕಾಲದ ಇಂಗ್ಲಿಷ್ ಗಾಳಗಾರನ ಚೀಲ ತೆರೆದರೆ ಅದರಲ್ಲಿ ನಮ್ಮ ನಾಡಿನ ಸಾಮಾನೂ ಇರುತ್ತಿತ್ತು. ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಮಾಡಿದ ಕೋಲಿಗೆ ಆಗ ಬಳಸುತ್ತಿದ್ದದ್ದು ಭಾರತದಿಂದ ಹೋದ ‘ಕಲ್ಕತ್ತಾ ಬಿದಿರು’. ಚೀನಾದ ಬಿದಿರು ಆ ಜಾಗ ಹಿಡಿದದ್ದು ಆಮೇಲೆ. ಅದಕ್ಕಿಂತ ಹತ್ತಿರದ ಸಂಬಂಧ ಗರಿಯದು. ಸಹ್ಯಾದ್ರಿಯ ಕಾಡುಗಳಲ್ಲಿ ಮುಂಜಾನೆ ಕೂಗುವ ಬೂದು ಕಾಡುಕೋಳಿಯ ಹುಂಜಕ್ಕೆ ಕತ್ತಿನ ಗರಿಗಳ ತುದಿಯಲ್ಲಿ ಮೇಣದ ಹನಿ ಒಣಗಿದಂಥ ಹೊಳೆಯುವ ಚುಕ್ಕೆಗಳಿವೆ. ಅದನ್ನು ಫ್ಲೈಯ ಎರಡು ಬದಿಗೆ ಕಟ್ಟಿದರೆ ಮರಿಮೀನಿನ ಕಣ್ಣಿನಂತೆ ಕಾಣುತ್ತದೆ. ಸಾಲ್ಮನ್ ಫ್ಲೈಗಳಿಗೂ ಬಣ್ಣಬಣ್ಣದ ವೆಟ್ ಫ್ಲೈಗಳಿಗೂ ಅದು ಬೇಕೇ ಬೇಕು ಎನ್ನುವಂತಾಯಿತು.

ಗರಿಗಾಗಿ ಹಕ್ಕಿ ಕೊಲ್ಲುವ ವ್ಯಾಪಾರ ಎಷ್ಟು ಬೆಳೆಯಿತೆಂದರೆ, 1902ರಲ್ಲಿ ಭಾರತ ಸರಕಾರ ಕಾಡುಹಕ್ಕಿಗಳ ಚರ್ಮ ಮತ್ತು ಗರಿಯ ರಫ್ತನ್ನು ನಿಷೇಧಿಸಬೇಕಾಯಿತು. ಇಂದು ವಿದೇಶಿ ಅಂಗಡಿಗಳಲ್ಲಿ ಕಾನೂನುಬದ್ಧವಾಗಿ ಸಿಗುವ ಕಾಡುಕೋಳಿಯ ಗರಿ ಅಲ್ಲಿನ ಸಾಕಣೆಯ ಹಕ್ಕಿಗಳದು. ಆ ಹಕ್ಕಿಗಳ ಪೂರ್ವಜರು ಮಾತ್ರ ನಮ್ಮ ಘಟ್ಟದವು.

ಹೀಗೆ ಗರಿ, ಬಿದಿರು ಎರಡೂ ಅತ್ತ ಹೋದವು. ಟ್ರೌಟ್ ಇತ್ತ ಬರುವುದು ಅಷ್ಟು ಸುಲಭವಾಗಲಿಲ್ಲ.

ಕಾರಣ ತಿಳಿಯಲು ಕೃಷ್ಣೆಯ ದಂಡೆಯಲ್ಲೇ ನಿಂತು ನೋಡಬಹುದು. ಮಹಾಬಳೇಶ್ವರದಲ್ಲಿ ಹುಟ್ಟಿ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ರಾಜಾಪುರದ ಬ್ಯಾರೇಜ್ ದಾಟಿ ಕರ್ನಾಟಕಕ್ಕೆ ಬರುವ ಹೊತ್ತಿಗೆ ಕೃಷ್ಣೆ ಬಯಲು ಸೀಮೆಯ ಹೊಳೆ. ಕಲ್ಲೋಳ, ಯಡೂರಿನ ಆಸುಪಾಸಿನಲ್ಲಿ ದೂಧಗಂಗೆ ಬಂದು ಸೇರುತ್ತದೆ. ಅದಕ್ಕೂ ಮೊದಲೇ ನಿಪ್ಪಾಣಿ ಕಡೆಯ ವೇದಗಂಗೆ ದೂಧಗಂಗೆಯನ್ನು ಕೂಡಿರುತ್ತದೆ. ಮುಂದೆ ಬಲಕ್ಕೆ ಚಿಕ್ಕೋಡಿ, ರಾಯಬಾಗ; ಎಡಕ್ಕೆ ಕಾಗವಾಡ, ಅಥಣಿ. ಉಗಾರ, ಕುಡಚಿಗಳ ನಡುವೆ ಹೊಳೆ ಹರಿಯುವುದು ಕಪ್ಪು ಎರೆಮಣ್ಣಿನ ನೆಲದ ಮೇಲೆ. ಮಳೆಗಾಲದಲ್ಲಿ ನೀರು ಕೆಂಪಗೆ, ಕಬ್ಬಿನ ಗದ್ದೆಯವರೆಗೂ ಏರುತ್ತದೆ. ಬೇಸಿಗೆಯಲ್ಲಿ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳುವ ಸ್ಥಿತಿ.

ಟ್ರೌಟ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಅದರ ಮೊಟ್ಟೆ ಚೆನ್ನಾಗಿ ಬಲಿಯುವುದು 10 ಡಿಗ್ರಿ ಸೆಲ್ಸಿಯಸ್ ಸುಮಾರಿನ ತಣ್ಣೀರಿನಲ್ಲಿ. ನೀರು 25 ಡಿಗ್ರಿ ಮುಟ್ಟಿತೆಂದರೆ ಕಂದು ಟ್ರೌಟ್‌ನ ಜೀವಕ್ಕೇ ಸಂಚಕಾರ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ: 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಇದ್ದರೆ 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಏಪ್ರಿಲ್ ತಿಂಗಳ ಅಥಣಿಯ ಬಿಸಿಲಿನಲ್ಲಿ ಮಡುಗಟ್ಟಿದ ನೀರು ಬೆಚ್ಚಗಾದಾಗ ಅಲ್ಲಿ ಟ್ರೌಟ್ ಒಂದು ಮಧ್ಯಾಹ್ನವನ್ನೂ ಕಳೆಯಲಾರದು.

ಆದ್ದರಿಂದ ಬ್ರಿಟಿಷರು ಎತ್ತರದ ತಂಪು ಊರುಗಳತ್ತ ನೋಡಿದರು. ಮದ್ರಾಸ್ ಸೈನ್ಯದ ವೈದ್ಯ, ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ 1863ರಲ್ಲಿ ನೀಲಗಿರಿಗೆ ಟ್ರೌಟ್ ಮೊಟ್ಟೆ ತರಿಸಲು ಯತ್ನಿಸಿದ, ಕೆಟ್ಟಿತು. 1866ರ ಯತ್ನವೂ ಕೈಗೂಡಲಿಲ್ಲ. ಇವೆರಡರ ನಡುವೆ, 1864ರಲ್ಲಿ, ‘ನಾರ್ಫೋಕ್’ ಎಂಬ ಹಡಗು ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ಕೋಣೆಯಲ್ಲಿಟ್ಟ ಮೊಟ್ಟೆಗಳನ್ನು ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಜೀವಂತ ಮುಟ್ಟಿಸಿತ್ತು. ಟಾಸ್ಮೇನಿಯಾದಲ್ಲಿ ಮರಿಗಳೂ ಹೊರಬಂದವು. ಕಾಶ್ಮೀರಕ್ಕೆ 1899ರಲ್ಲಿ ಬಂದ ಮೊದಲ ಕಂತು ದಾರಿಯಲ್ಲೇ ಹಾಳಾಯಿತು, ಮರುವರ್ಷದ ಕಂತು ಉಳಿಯಿತು. ಶ್ರೀನಗರದಲ್ಲಿ ಗಾಲೀಚೆ ಕಾರ್ಖಾನೆ ನಡೆಸುತ್ತಿದ್ದ ಫ್ರ್ಯಾಂಕ್ ಮಿಚೆಲ್ ಅಲ್ಲಿನ ಹಾರ್ವನ್‌ನಲ್ಲಿ ಅವುಗಳನ್ನು ಸಾಕಿ ಬೆಳೆಸಿದ.

ನೀಲಗಿರಿಗೆ ಅದೃಷ್ಟ ಒಲಿದದ್ದು ಮೀನು ಸಾಕಣೆಯ ತಜ್ಞ ಎಚ್.ಸಿ. ವಿಲ್ಸನ್ ಬಂದ ಮೇಲೆ. 1907ರಲ್ಲಿ ಅವಲಾಂಚಿಯಲ್ಲಿ ಮೊಟ್ಟೆ ಮರಿ ಮಾಡುವ ಕೇಂದ್ರ ಶುರುವಾಯಿತು. ನಂತರದ ವರ್ಷಗಳಲ್ಲಿ ಸಿಲೋನ್, ಜರ್ಮನಿ, ನ್ಯೂಜಿಲೆಂಡ್‌ಗಳಿಂದ ಕಾಮನಬಿಲ್ಲು ಟ್ರೌಟ್‌ನ ಮೊಟ್ಟೆಗಳು ಬಂದವು. ಅವುಗಳ ಸಂತತಿ ಅಲ್ಲಿನ ಮೇಲ್ಮಟ್ಟದ ಹೊಳೆಗಳಲ್ಲಿ ಬೇರೂರಿತು. ಕನ್ನಡಕ್ಕೆ ತೀರ ಹತ್ತಿರದ ಬಡಗ ನುಡಿಯಾಡುವ ಹಟ್ಟಿಗಳ ಸುತ್ತ ಹರಿಯುವ ತೊರೆಗಳಲ್ಲಿ ಸ್ಕಾಟ್ಲೆಂಡಿನ ಫ್ಲೈಗಳು ಓಡಾಡತೊಡಗಿದವು.

ಆದರೆ ಕನ್ನಡ ನಾಡಿನಲ್ಲಿ ಗರಿಯ ಫ್ಲೈ ಬಳಕೆಗೆ ಬಂದದ್ದು ಟ್ರೌಟ್‌ಗಾಗಿ ಕಾದ ಮೇಲಲ್ಲ. ನೀಲಗಿರಿಯಲ್ಲಿ ಟ್ರೌಟ್ ನೆಲೆಸುವುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಮೊದಲು, 1873ರಲ್ಲಿ, ಮಂಗಳೂರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಅಚ್ಚಾಯಿತು. ಕಿಟ್ಟೆಲ್ ಅವರ ಕನ್ನಡ ನಿಘಂಟು ಅದೇ ಊರಿನಲ್ಲಿ ಹೊರಬರಲು ಇನ್ನೂ 21 ವರ್ಷ ಬಾಕಿ ಇತ್ತು. ಬರೆದವನು ದಕ್ಷಿಣ ಕನ್ನಡದ ಕಲೆಕ್ಟರ್ ಹೆನ್ರಿ ಸಲಿವನ್ ಥಾಮಸ್. ಭಾರತದಲ್ಲಿ ಗಾಳದ ಬೇಟೆಗೆ ಅದು ದಶಕಗಳ ಕಾಲ ಮೂಲಪಾಠವಾಗಿತ್ತು. 1881ರಲ್ಲಿ, 1897ರಲ್ಲಿ ಮರುಮುದ್ರಣಗೊಂಡು ಬೆಳೆಯಿತು. ಕೆರೆಯ ಮೀನುಗಳಿಗೆಂದು ಅವನು 1887ರಲ್ಲಿ ಇನ್ನೊಂದು ಪುಸ್ತಕ ಬರೆದ.

ಥಾಮಸನ ಹೆಚ್ಚುಗಾರಿಕೆ ಇರುವುದು ಟ್ರೌಟ್ ಮೀನಿನ ಪಾಠವನ್ನು ಹಾಗೇ ಒಪ್ಪಿಸದಿರುವುದರಲ್ಲಿ. ಘಟ್ಟದಿಂದಿಳಿಯುವ ಹೊಳೆಗಳ ದೊಡ್ಡ ಮೀನು ಮಶೀರ್. ಅದರ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ನುಂಗಿದ್ದನ್ನು ಅಲ್ಲಿ ಅರೆಯುತ್ತದೆ. ಏಡಿ, ಚಿಪ್ಪು, ಮರದಿಂದ ಬಿದ್ದ ಹಣ್ಣು, ಮರಿಮೀನು, ಯಾವುದನ್ನೂ ಬಿಡುವುದಿಲ್ಲ. ಅದರ ಗಂಟಲ ಹಲ್ಲನ್ನೂ ಉಣ್ಣುವ ಬಗೆಯನ್ನೂ ಥಾಮಸ್ ಪರಿಶೀಲಿಸಿ ಬರೆದ. ಆ ಗಂಟಲಿಗೆ ಸಿಕ್ಕ ತೆಳು ಗಾಳ ಹಪ್ಪಳದಂತೆ ಮುರಿಯುವುದರಿಂದ ಟ್ರೌಟ್‌ನ ಸೂಕ್ಷ್ಮ ಸಾಮಾನು ಇಲ್ಲಿ ನಡೆಯದು. ನೀರು ತಿಳಿಯಾಗಿದ್ದು, ಮೀನು ಮೇಲುಮಟ್ಟದಲ್ಲಿ ಮೇಯುವಾಗ ದೊಡ್ಡ ಫ್ಲೈ ನಡೆದೀತು. ಆಳದ ಮಡುವಿನಲ್ಲಿ ಲೋಹದ ಚಮಚದಂತೆ ತಿರುಗುವ ಸ್ಪೂನ್ ಮೇಲು. ಪುಟ್ಟ ಮೀನುಗಳ ಮಟ್ಟಿಗೆ ಫ್ಲೈಯದೇ ರಾಜ್ಯ: ಬೆಳ್ಳಗೆ ತೆಳ್ಳಗಿದ್ದು ನೀರಿನ ಮೇಲ್ಪದರದಲ್ಲಿ ಗುಂಪಾಗಿ ಓಡಾಡುವ ಮೀನುಗಳು ಹುಳುವಿಗೆ ಹಾರಿ ಬೀಳುತ್ತವೆ.

ಕಲೆಕ್ಟರ್ ಆಗಿದ್ದ ಅವನಿಗೆ ಬೇಟೆಗಾರನ ಕಣ್ಣಿನ ಜತೆ ಆಡಳಿತಗಾರನ ಲೆಕ್ಕವೂ ಇತ್ತು. ಹೊಳೆಗೆ ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಳಿದುಕೊಳ್ಳುವುದು, ಮೊಟ್ಟೆ ಇಡಲು ಮೇಲೇರುವ ಮೀನನ್ನು ಅಡ್ಡಗಟ್ಟಿ ಹಿಡಿಯುವುದು, ಇವೆಲ್ಲ ಜನರ ಊಟಕ್ಕೇ ಕುತ್ತು ಎಂದು ಅವನು 1870ರ ವರದಿಯಲ್ಲೇ ವಾದಿಸಿದ್ದ. ಫ್ರಾನ್ಸಿಸ್ ಡೇ ಕೂಡ 1873ರ ತನ್ನ ಅಖಿಲ ಭಾರತ ವರದಿಯಲ್ಲಿ ಇದೇ ಮಾತೆತ್ತಿದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು ಅಪರಾಧವಾಗಿಸಿತು. ಇಷ್ಟಾದರೂ ವಿಷದ ಹಾವಳಿ ನಿಲ್ಲಲಿಲ್ಲ. 1996ರಲ್ಲಿ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಭಕ್ತರು ಅಕ್ಕಿ ಹಾಕಿ ಸಾಕಿದ ದೇವರ ಮೀನುಗಳನ್ನೇ ಯಾರೋ ವಿಷ ಹಾಕಿ ಕೊಂದರು. ಆ ಮೀನುಗಳೂ ಥಾಮಸ್ ಬರೆದ ಮಶೀರ್ ಕುಲದವೇ.

ಥಾಮಸ್ ಕೆಲಸ ಮಾಡಿದ್ದು ಕರಾವಳಿಯಲ್ಲಿ. ಕೃಷ್ಣೆಯ ಮೀನುಗಳ ಲೆಕ್ಕ ಬರೆದವನು ಬೇರೊಬ್ಬ: ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. 1824ರಲ್ಲಿ ಮುಂಬಯಿ ಸರಕಾರ ಅವನನ್ನು ದಖ್ಖನಿನ ಅಂಕಿಅಂಶ ಕಲೆಹಾಕಲು ನೇಮಿಸಿತು. ಜನ, ಬೆಳೆ, ಕಂದಾಯದ ಲೆಕ್ಕದ ಜತೆ ಅವನು ಹಕ್ಕಿ, ಮೀನುಗಳನ್ನೂ ಪಟ್ಟಿ ಮಾಡಿದ. ಹೊಳೆಯ ಜನರಿಂದ ಮೀನು ತರಿಸಿ, ಚಿತ್ರ ಬರೆಸಿ, ಅವರು ಕರೆಯುತ್ತಿದ್ದ ಹೆಸರುಗಳನ್ನೇ ಲ್ಯಾಟಿನ್ ಹೆಸರಿಗೆ ಜೋಡಿಸಿದ. ‘ಖುಡ್ರಿ’, ‘ಕೋಲಸ್’, ‘ಮುಸುಲ್ಲಾ’ ಎಂಬವು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪ್ರಕಟಣೆಗೆ 1839ರಲ್ಲಿ ಸೇರಿದ್ದು ಹೀಗೆ. ಖುಡ್ರಿ ಎಂದರೆ ದಖ್ಖನಿನ ಮಶೀರ್. ಸೈಕ್ಸ್‌ಗೆ ಅದು ಸಿಕ್ಕಿದ್ದು ಪುಣೆಯ ಪೂರ್ವಕ್ಕೆ, ಮುಳಾ-ಮುಠಾ ಹೊಳೆಯಲ್ಲಿ. ಆ ನೀರು ಭೀಮೆಗೆ, ಭೀಮೆಯ ನೀರು ಕೃಷ್ಣೆಗೆ.

ಆ ಪ್ರಕಟಣೆಯಲ್ಲಿ ಮೀನಿಗೆ ಹೆಸರು ಸಿಕ್ಕಿತು, ಹಿಡಿದುಕೊಟ್ಟವರಿಗೆ ಸಿಗಲಿಲ್ಲ. ಕೃಷ್ಣೆಯ ದಂಡೆಯ ಅಂಬಿಗರು, ಕೋಲಿ ಸಮುದಾಯದವರು, ಭೋಯಿಗಳು ಹೊಳೆ ದಾಟಿಸುತ್ತ, ಬೀಸುಬಲೆ ಎಸೆಯುತ್ತ, ರಾತ್ರಿ ಗಾಳ ಕಟ್ಟಿ ಬೆಳಗ್ಗೆ ಎತ್ತುತ್ತ ಬದುಕಿದವರು. ಯಾವ ಮಡುವಿನಲ್ಲಿ ಯಾವ ತಿಂಗಳು ಯಾವ ಮೀನು, ಹೊಸ ನೀರು ಬಂದಾಗ ಅದು ಯಾವ ಹಳ್ಳ ಏರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಮೀನಿನ ಮೇವನ್ನು ನೋಡಿ ಗಾಳ ಹೂಡಬೇಕೆಂದು ಸೋಮೇಶ್ವರ ಬರೆದದ್ದು, ಥಾಮಸ್ ಮತ್ತೆ ಕಂಡುಕೊಂಡದ್ದು ಇಂಥವರ ನಿತ್ಯದ ಅನುಭವವನ್ನೇ.

ಸೈಕ್ಸ್ ಇಟ್ಟ ಹೆಸರುಗಳಲ್ಲಿ ಒಂದು ಮುಂದೆ ದೊಡ್ಡ ಗೊಂದಲಕ್ಕೆ ಕಾರಣವಾಯಿತು. ಕಾವೇರಿಯಲ್ಲಿ ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಭಾರಿ ಮಶೀರ್ ಇದೆ. ಗಾಳಗಾರರ ಲೋಕದಲ್ಲಿ ಅದರ ಕೀರ್ತಿ ಹಬ್ಬಿದ್ದು ಮೈಸೂರು ಸೀಮೆಯಿಂದ: 1919ರ ಡಿಸೆಂಬರಿನಲ್ಲಿ ರಿವೆಟ್-ಕಾರ್ನಾಕ್ ಎಂಬಾತ 119 ಪೌಂಡಿನ ಮೀನು ಹಿಡಿದ. 1946ರ ಮಾರ್ಚ್‌ನಲ್ಲಿ ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 120 ಪೌಂಡ್, ಅಂದರೆ 54 ಕಿಲೋ ದಾಟಿದ ಮೀನು ಎತ್ತಿದ. ಈ ಗೂನುಬೆನ್ನಿನ ಮೀನಿಗೆ ಬಹುಕಾಲ ಅಂಟಿಕೊಂಡದ್ದು ಕೃಷ್ಣಾ ಕೊಳ್ಳದ ‘ಮುಸುಲ್ಲಾ’ ಎಂಬ ಹೆಸರು. ಸೈಕ್ಸ್‌ನ ಮುಸುಲ್ಲಾ ಮಶೀರೇ ಅಲ್ಲ, ಬೇರೆ ಪಂಗಡದ ಗೆಂಡೆ ಎಂದು 2013ರಲ್ಲಿ ಸಂಶೋಧಕರು ತೋರಿಸಿದರು. ಗೂನುಬೆನ್ನಿನ ಮೀನಿನ ಸರಿಯಾದ ಹೆಸರು ‘ಟಾರ್ ರೆಮಾದೇವಿ’ ಎಂದು 2018ರಲ್ಲಿ ತೀರ್ಮಾನವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯ ಕೊನೆಯ ಮೆಟ್ಟಿಲಿಗೂ ಸೇರಿತು.

ಅದನ್ನು ಆ ಅಂಚಿಗೆ ತಂದ ಕಾರಣಗಳಲ್ಲಿ ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಜತೆ ಕೃಷ್ಣಾ ಕೊಳ್ಳದಿಂದ ಬಂದ ನೆಂಟನೂ ಸೇರಿದ್ದಾನೆ. ಲೋಣಾವಳದ ವಾಲ್ವನ್ ಕೆರೆಯ ಬಳಿ ಟಾಟಾ ವಿದ್ಯುತ್ ಕಂಪನಿ 1970ರ ದಶಕದ ಆರಂಭದಲ್ಲಿ ಮಶೀರ್ ಮರಿ ಮಾಡುವ ಕೇಂದ್ರ ಕಟ್ಟಿತು. ಮೀನು ವಿಜ್ಞಾನಿ ಸಿ.ವಿ. ಕುಲಕರ್ಣಿ ಮತ್ತು ಎಸ್.ಎನ್. ಓಗಲೆ ಅಲ್ಲಿ ಖುಡ್ರಿ ಮೀನಿನಿಂದ ಕೃತಕವಾಗಿ ಮೊಟ್ಟೆ ಪಡೆದು ಮರಿ ಮಾಡುವ ವಿಧಾನ ರೂಢಿಸಿದರು. ಕುಗ್ಗುತ್ತಿದ್ದ ಮೀನನ್ನು ಉಳಿಸುವ ಸದುದ್ದೇಶದ ಕೆಲಸವದು. ಅಲ್ಲಿನ ಮರಿಗಳು ದೇಶದ ಬೇರೆ ಬೇರೆ ನೀರಿಗೆ ಹೋದವು, ಕಾವೇರಿಗೂ ಬಂದವು.

ಅದರ ಫಲ ಬೆಳಕಿಗೆ ಬಂದದ್ದು ಗಾಳಗಾರರ ದಿನಚರಿಯಿಂದಲೇ. 1978ರ ಸುಮಾರಿಗೆ ಮೂವರು ಬ್ರಿಟಿಷ್ ಯುವಕರು ಕಾವೇರಿಯಲ್ಲಿ ದೊಡ್ಡ ಮಶೀರ್ ಇನ್ನೂ ಇದೆ ಎಂದು ಲೋಕಕ್ಕೆ ಸಾರಿದ ಮೇಲೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿಗಳಲ್ಲಿ ಗಾಳದ ಶಿಬಿರಗಳು ಹೆಸರಾದವು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ನೀರಿಗೇ ಬಿಡುವುದು ಅಲ್ಲಿನ ನಿಯಮ. ಅಕ್ಕಪಕ್ಕದ ಹಳ್ಳಿಗಳ ಹಳೆಯ ಮೀನು ಬೇಟೆಗಾರರೇ ಶಿಬಿರದ ಮಾರ್ಗದರ್ಶಿಗಳಾದರು. ರಾಗಿ ಹಿಟ್ಟಿನ ಉಂಡೆ ಬೇಯಿಸಿ ಗಾಳಕ್ಕೆ ಸಿಕ್ಕಿಸುವುದನ್ನು ವಿದೇಶಿಯರಿಗೆ ಕಲಿಸಿದರು. ಸೋಮೇಶ್ವರನ ಪಾಠ ಅಲ್ಲಿ ಫ್ಲೈಯನ್ನು ಹಿಂದಿಕ್ಕಿತ್ತು. ಗಾಲಿಬೋರೆಯ 1998ರಿಂದ 2012ರವರೆಗಿನ ದಾಖಲೆ ಪುಸ್ತಕಗಳನ್ನು ಸಂಶೋಧಕರು ಲೆಕ್ಕ ಹಾಕಿದಾಗ, 23 ಸಾವಿರಕ್ಕೂ ಹೆಚ್ಚು ಗಂಟೆಗಳ ಬೇಟೆಯಲ್ಲಿ ಸಿಕ್ಕಿದ ಆರು ಸಾವಿರಕ್ಕೂ ಮಿಕ್ಕ ಮಶೀರ್‌ಗಳ ಚಿತ್ರ ಮೂಡಿತು. ನೀಲಿ ರೆಕ್ಕೆಯ ಮೀನು ವರ್ಷ ವರ್ಷ ಏರುತ್ತ ಹೋಗಿತ್ತು, ಗೂನುಬೆನ್ನಿನದು ಇಳಿಯುತ್ತ ಬಂದು ಬಹುತೇಕ ಕಾಣೆಯಾಗಿತ್ತು. ನೀಲಿ ರೆಕ್ಕೆಯದನ್ನು ಸಂಶೋಧಕರು ಹೊರಗಿನಿಂದ ತಂದು ಬಿಟ್ಟ ಖುಡ್ರಿಯ ಸಂತತಿಯೆಂದು ಗುರುತಿಸಿದರು.

ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದು ಆ ಹೊತ್ತಿಗೆ ನಿಂತುಹೋಗಿತ್ತು. ವನ್ಯಜೀವಿ ಕಾಯ್ದೆಯ ಪ್ರಕಾರ ಹಿಡಿದು ಬಿಡುವುದೂ ಬೇಟೆಯೇ ಎಂಬ ಅರ್ಥ ಬಂದಾಗ ಶಿಬಿರಗಳು ಬೇಟೆ ಕೈಬಿಟ್ಟು ಪ್ರವಾಸಿಗರ ತಂಗುದಾಣಗಳಾದವು. ಇದರ ಸರಿ ತಪ್ಪುಗಳ ವಾದ ಇನ್ನೂ ಮುಗಿದಿಲ್ಲ. ಗಾಳಗಾರರಿದ್ದಷ್ಟು ದಿನ ಸಿಡಿಮದ್ದು ಹಾಕುವವರಿಗೆ ಭಯವಿತ್ತು ಎನ್ನುವವರಿದ್ದಾರೆ. ಮೋಜಿಗಾಗಿ ಮೀನಿನ ಬಾಯಿ ಚುಚ್ಚುವುದೇಕೆ ಎನ್ನುವವರೂ ಇದ್ದಾರೆ.

ಬೆಳಗಾವಿ ಜಿಲ್ಲೆಯ ಕೃಷ್ಣೆಗೆ ಬಂದರೆ ಬಲೆಯದೇ ದರ್ಬಾರು. ಬ್ಯಾರೇಜುಗಳ ಹಿಂದೆ ನಿಂತ ನೀರಿನಲ್ಲಿ ಕಾಟ್ಲಾ, ರೋಹು, ತಿಲಾಪಿಯಾ ಮೇಯುತ್ತವೆ. ಉಗಾರ, ಕುಡಚಿ ಕಡೆ ಹೊಳೆಗಿಳಿಯುವವರು ಮೊಸಳೆಯತ್ತ ಒಂದು ಕಣ್ಣಿಟ್ಟೇ ಇಳಿಯಬೇಕು. 2005 ಮತ್ತು 2019ರ ಮಹಾಪೂರಗಳು ದಂಡೆಯ ಊರುಗಳನ್ನೇ ಎಬ್ಬಿಸಿದವು. 1939ರಲ್ಲಿ ಉಗಾರದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು; ಕಬ್ಬು ಈಗ ಈ ಸೀಮೆಯ ಮುಖ್ಯ ಬೆಳೆ. ಹೊಳೆಯ ನೀರಿಗೆ ಗದ್ದೆಯ ಪಂಪುಗಳ ಬೇಡಿಕೆಯೇ ಮೊದಲಿನದು. ಮಶೀರ್ ಬಯಸುವ ಕಲ್ಲುತಳ, ವೇಗದ ಹರಿವು, ಮೊಟ್ಟೆಗೆ ಮೇಲೇರುವ ತೆರೆದ ದಾರಿ ಇಲ್ಲಿ ತುಂಡುತುಂಡಾಗಿವೆ.

ಆದರೂ ವೆಟ್ ಫ್ಲೈ ಕಲಿಯುವವನಿಗೆ ಈ ಹೊಳೆ ಪೂರ್ತಿ ಬಾಗಿಲು ಹಾಕಿಲ್ಲ. ಅಕ್ಟೋಬರ್ ದಾಟಿ ನೀರು ತಿಳಿಯಾದ ಮೇಲೆ, ದೂಧಗಂಗೆ, ವೇದಗಂಗೆಗಳ ಆಳವಿಲ್ಲದ ಕಲ್ಲುಹರಿವಿನಲ್ಲಿ ಸಂಜೆ ಹುಳು ಏರುವ ಹೊತ್ತಿಗೆ ಬೆರಳುದ್ದದ ಮೀನುಗಳು ಮೇಲ್ಪದರಕ್ಕೆ ಬರುತ್ತವೆ. ಹರಿವಿಗೆ ಅಡ್ಡವಾಗಿ, ತುಸು ಕೆಳಮುಖವಾಗಿ ದಾರ ಎಸೆದು, ನೀರೇ ಫ್ಲೈಯನ್ನು ಕಮಾನಿನಂತೆ ದಂಡೆಯತ್ತ ಒಯ್ಯಲು ಬಿಡಬೇಕು. ದಾರ ನೇರವಾಗಿ ಬಿಗಿಯುವ ಕೊನೆಯ ಗಳಿಗೆಯಲ್ಲಿ ಫ್ಲೈ ತಾನಾಗಿ ಮೇಲೇರುತ್ತದೆ; ಮೀನು ಹಿಡಿಯುವುದು ಹೆಚ್ಚಾಗಿ ಆಗಲೇ. ಕೌಜುಗದ ಚುಕ್ಕೆ ಗರಿ ಇಂಗ್ಲಿಷ್ ಪಾರ್ಟ್ರಿಜ್‌ನ ಗರಿಯನ್ನು ಹೋಲುತ್ತದೆ ನಿಜ, ಆದರೆ ಆ ಹಕ್ಕಿಗೆ ಕಾನೂನಿನ ರಕ್ಷಣೆ ಇದೆ. ಹಿತ್ತಲಿನ ಕಂದು ಹೇಂಟೆಯ ಕತ್ತಿನ ಗರಿ ಸಾಕು. ಹೊಲಿಗೆಯ ರೇಷ್ಮೆ ನೂಲು, ಜೇನುಮೇಣ, ಹನ್ನೆರಡು ಅಥವಾ ಹದಿನಾಲ್ಕನೆಯ ಅಳತೆಯ ಗಾಳ ಇದ್ದರೆ ಕೆಲಸ ಶುರು ಮಾಡಬಹುದು. ಹಿಡಿಯುವ ಮೊದಲು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯಡಿ ಆ ನೀರಿಗೆ ಪರವಾನಗಿ ಬೇಕೇ, ಹೊಳೆಯ ಆ ಭಾಗ ಯಾರ ಗುತ್ತಿಗೆಯಲ್ಲಿದೆ ಎಂಬುದನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ಮೊಸಳೆ ಎಲ್ಲಿದೆ ಎಂಬುದನ್ನು ದಂಡೆಯ ಅಂಬಿಗರಲ್ಲಿ.